ತಪ್ಪಿ ಬಂದ ನಾಲ್ಕು ಕಾಳು

ಭಾನುವಾರ ಮನೆಗೆ ಬಂದ ಕೂಡಲೇ ತಮ್ಮ ಮಾಡುತ್ತಿದ್ದ ಮೊದಲ ಕೆಲಸ ಅಕ್ಕನ ಕೆನ್ನೆ ತಟ್ಟುವುದು. ಮುದ್ದಿಗಲ್ಲ, ಪರೀಕ್ಷೆಗೆ. ಕಿವಿಯ ಮುಂದೆ, ದವಡೆ ಶುರುವಾಗುವ ಜಾಗದಲ್ಲಿ, ನಡುಬೆರಳ ತುದಿಯಿಂದ ಟಪ್ ಟಪ್ ಎಂದು ತಟ್ಟಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದ್ದವರಿಗೆ ಹಾಗೆ ತಟ್ಟಿದರೆ ಏನೂ ಆಗುವುದಿಲ್ಲ, ಹೆಚ್ಚೆಂದರೆ ಸಿಟ್ಟು ಬಂದೀತು. ಕಡಿಮೆ ಇದ್ದವರಿಗೆ ತುಟಿಯ ಅಂಚು ತಾನಾಗಿ ಎಗರುತ್ತದೆ. ಅಕ್ಕನ ತುಟಿ ಎಗರುತ್ತಿತ್ತು. ತಮ್ಮ ತಲೆ ಓರೆ ಮಾಡಿ ನೋಡಿ, "ಹೋದ ವಾರಕ್ಕಿಂತ ಎಗರೋದು ಕಡಿಮೆ ಆಗಿದೆ ಕಣೇ ಅಕ್ಕ" ಅನ್ನುತ್ತಿದ್ದ. ಅಕ್ಕ "ಹೌದೇನೋ?" ಎಂದು ತಿಂಡಿಯ ತಟ್ಟೆ ಅವನ ಮುಂದಿಡುತ್ತಿದ್ದಳು.

ಹೀಗೆ ಒಂದೂವರೆ ವರ್ಷದಿಂದ ವಾರ ವಾರವೂ ಕಡಿಮೆಯಾಗುತ್ತಲೇ ಬಂದಿತ್ತು. ಶಾಲೆಯ ವ್ಯಾನ್ ಓಡಿಸುವ ಅವಳ ಗಂಡನಿಗೆ ಮಾತ್ರ ಈ ಲೆಕ್ಕ ಹೊಂದುತ್ತಿರಲಿಲ್ಲ. "ಹಿಂಗೇ ಕಡಿಮೆ ಆಗ್ತಾ ಬಂದ್ರೆ ನಿನ್ ತುಟಿ ಇಷ್ಟೊತ್ತಿಗೆ ಒಳಗಡೆಗೆ ಎಗರಬೇಕಿತ್ತು" ಎಂದು ಒಂದು ಸಲ ಅಂದು, ಅಕ್ಕನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದ. ತಮ್ಮನ ವಿಷಯಕ್ಕೆ ಯಾರಾದರೂ ಬಂದರೆ ಅಕ್ಕನಿಗೆ ಗಂಡನೂ ಒಂದೇ, ಬೀದಿಯವನೂ ಒಂದೇ.

ಕತ್ತಿನಲ್ಲಿ ಥೈರಾಯ್ಡಿನ ಬೆನ್ನಿಗೆ ನಾಲ್ಕು ಪುಟ್ಟ ಗ್ರಂಥಿಗಳು ಅಂಟಿಕೊಂಡಿರುತ್ತವೆ. ಪ್ಯಾರಾಥೈರಾಯ್ಡ್ ಎಂದು ಹೆಸರು ಮಾತ್ರ ಉದ್ದ, ಗಾತ್ರ ಬೇಳೆಕಾಳಿನಷ್ಟು. ಅಕ್ಕ ಕೆಲಸ ಮಾಡುವ ಲ್ಯಾಬಿನವರು ಅವನ್ನು ಕಾಳು ಎಂದೇ ಕರೆಯುವುದು. ಮೈಯ ಕ್ಯಾಲ್ಸಿಯಂ ಏರದಂತೆ, ಇಳಿಯದಂತೆ ಕಾಯುವುದು ಅವುಗಳ ಕೆಲಸ. ಅವು ಕೈಕೊಟ್ಟರೆ ಬೆರಳ ತುದಿಗೆ, ಬಾಯಿಯ ಸುತ್ತ ಜೋಮು ಹಿಡಿಯುತ್ತದೆ, ಮಾತ್ರೆ ನುಂಗಿಕೊಂಡೇ ಬದುಕಬೇಕಾಗುತ್ತದೆ. ಅಕ್ಕನ ಥೈರಾಯ್ಡ್ ಊದಿ, ಕತ್ತಿನಲ್ಲಿ ಯಾರೋ ನಿಂಬೆಹಣ್ಣು ಬಚ್ಚಿಟ್ಟ ಹಾಗಾಗಿ, ಉಸಿರಿಗೂ ತೊಡಕಾದಾಗ ಅದನ್ನು ಪೂರ್ತಿ ತೆಗೆದುಹಾಕಿದ್ದರು. ತೆಗೆದವನು ತಮ್ಮನೇ.

ಮನೆಯವರ ಮೇಲೆ ಚಾಕು ಹಿಡಿಯಬಾರದು ಎನ್ನುವುದು ಸರ್ಜನ್ನರೊಳಗಿನ ನಡವಳಿಕೆ. ತಮ್ಮನೂ ಒಲ್ಲೆ ಅಂದಿದ್ದ. ಅಕ್ಕ ಕೇಳಬೇಕಲ್ಲ! "ನಿನ್ನ ಓದಿಸಿದ್ದು ಯಾಕೋ? ಬರೀ ಊರವರ ಕತ್ತು ಕೊಯ್ಯೋಕಾ? ಬೇರೆಯವರ ಕೈಗೆ ನಾನು ಕತ್ತು ಕೊಡಲ್ಲ. ನೀನೇ ಮಾಡು, ಇಲ್ಲಾಂದ್ರೆ ಇದು ಹೀಗೇ ಇರಲಿ" ಎಂದು ಪಟ್ಟು ಹಿಡಿದಳು. ಅಪ್ಪ ಹೋದ ಮೇಲೆ ಅವನಿಗೆ ಹೊಟ್ಟೆಗೂ ಬಟ್ಟೆಗೂ ನೋಡಿದವಳು ಅವಳೇ ಆದ್ದರಿಂದ ಅವಳ ಹಟದ ಮುಂದೆ ಅವನ ಡಾಕ್ಟರಿಕೆ ನಡೆಯಲಿಲ್ಲ. ಆಪರೇಷನ್ ಆಯಿತು. ಗಡ್ಡೆ ಕ್ಯಾನ್ಸರ್ ಅಲ್ಲ ಎಂದು ತಮ್ಮ ಬಂದು ಹೇಳಿದ, ಅಕ್ಕ ಅಷ್ಟಕ್ಕೇ ಸುಮ್ಮನಾದಳು. ದಿನ ಬೆಳಗಾದರೆ ಪರರ ಮೈಯೊಳಗಿನದನ್ನು ನೋಡುವ ಹೆಂಗಸಿಗೆ ತನ್ನದನ್ನು ನೋಡುವ ಆಸೆ ಇರಲಿಲ್ಲ.

ಮರುದಿನವೇ ಬೆರಳಿಗೆ ಜೋಮು ಹತ್ತಿತು. "ಕಾಳೆಲ್ಲ ಅಲ್ಲೇ ಇವೆ ಅಕ್ಕ. ಗಡ್ಡೆ ಬಿಡಿಸೋವಾಗ ಸ್ವಲ್ಪ ಗಾಬರಿಬಿದ್ದಿವೆ. ಮಲಗಿವೆ, ಅಷ್ಟೇ. ಸ್ವಲ್ಪ ದಿನ, ಎದ್ದುಬಿಡ್ತವೆ" ಎಂದ ತಮ್ಮ. ಡಾಕ್ಟರುಗಳ ಬಾಯಲ್ಲಿ ಸ್ವಲ್ಪ ಎಂದರೆ ಎಷ್ಟು ಎಂದು ಅಳೆದವರು ಇವತ್ತಿನವರೆಗೂ ಯಾರೂ ಇಲ್ಲ. ಅಕ್ಕ ಅಳೆಯಲು ಹೋಗಲಿಲ್ಲ, ಕಾದಳು.

ತಮ್ಮ ಕೆಲಸ ಮಾಡುವ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಅವಳ ಲ್ಯಾಬು. ಮೇಲಿನ ಮಹಡಿಗಳಲ್ಲಿ ಕತ್ತರಿಸಿ ತೆಗೆದದ್ದೆಲ್ಲ ಕೆಳಗಿಳಿದು ಇವರ ಬಳಿ ಬರುತ್ತದೆ. ಅದನ್ನು ಕೊಳೆಯದಂತೆ ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ತೆಗೆದು, ಮೇಣ ಕುಡಿಸಿ, ಪ್ಲಾಸ್ಟಿಕ್ಕಿನ ಚಪ್ಪಟೆ ಜಾಲರಿ ಡಬ್ಬಿಯ ಬೆನ್ನ ಮೇಲೆ ಒಂದು ಪುಟ್ಟ ಇಟ್ಟಿಗೆ ಮಾಡುತ್ತಾರೆ. ಆ ಇಟ್ಟಿಗೆಯನ್ನು ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಅಲಗಿನ ಮೇಲೆ ಕೂದಲಿಗಿಂತ ತೆಳುವಾದ ಪದರಗಳು ಒಂದರ ಬಾಲ ಒಂದು ಹಿಡಿದು ಸಾಲಾಗಿ ಬರುತ್ತವೆ. ರಿಬ್ಬನ್ ಎನ್ನುತ್ತಾರೆ ಅದನ್ನು. ಕುಂಚದ ತುದಿಯಿಂದ ಎತ್ತಿ, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಚ್ಚಿಕೊಂಡ ಮೇಲೆ ಗಾಜಿನ ಪಟ್ಟಿಯಲ್ಲಿ ಮೊಗೆದುಕೊಳ್ಳಬೇಕು. ಸೀನಿದರೆ ಎಲ್ಲ ಹೋಯಿತು. ಅಕ್ಕನ ಕೈಯಲ್ಲಿ ರಿಬ್ಬನ್ ಹರಿದದ್ದನ್ನು ಕಂಡವರಿಲ್ಲವಾಗಿ ಅವಳಿಗೆ ರಿಬ್ಬನ್ ಅಕ್ಕ ಎಂದೇ ಹೆಸರು ನಿಂತಿತ್ತು.

ಅವಳ ಗುಟ್ಟು ಕಿರುಬೆರಳು. ಕೊಯ್ಯುವ ಮುಂಚೆ ಮೇಣದ ಮುಖದ ಮೇಲೆ ಒಂದು ಸಲ ಕಿರುಬೆರಳು ಆಡಿಸಿದರೆ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ, ಇನ್ನೂ ತಂಪಾಗಬೇಕೇ ಸಾಕೇ ಎಂದು ತಿಳಿದುಬಿಡುತ್ತಿತ್ತು. ಈಗ ಆ ಬೆರಳು ಮೇಣ ಮುಟ್ಟಿದರೂ ಒಂದೇ, ಮೇಜು ಮುಟ್ಟಿದರೂ ಒಂದೇ. ತೆಳ್ಳನೆಯ ಕೈಗವಸು ತೊಟ್ಟ ಮೇಲೆ ಅದರ ಮೇಲೆ ಇನ್ನೊಂದು ತೊಟ್ಟ ಹಾಗೆ. ಬಿಸಿ ಪಾತ್ರೆಯನ್ನು ಬರಿಗೈಲಿ ಇಳಿಸಿ, ಗಂಡ ಮೂಗು ಅರಳಿಸಿ "ಏನೋ ಸುಟ್ಟ ವಾಸನೆ" ಅಂದ ಮೇಲೆ ಬೆರಳು ನೋಡಿಕೊಂಡದ್ದಿತ್ತು. ಲ್ಯಾಬಿನಲ್ಲಿ ರಿಬ್ಬನ್‌ಗಳು ಹರಿಯತೊಡಗಿದವು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ಬಹಳ ಒಳ್ಳೆಯವರಾಗಿಬಿಟ್ಟರು. ಕೆಲಸದ ಜಾಗದಲ್ಲಿ ಜನ ಹಾಗೆ ಇದ್ದಕ್ಕಿದ್ದಂತೆ ಒಳ್ಳೆಯವರಾಗುವುದಕ್ಕಿಂತ ಕೆಟ್ಟದ್ದಿಲ್ಲ.

ಲ್ಯಾಬಿನ ದೊಡ್ಡ ಮೇಡಂ ಒಂದು ದಿನ ಕರೆದು ಕೂರಿಸಿದರು. "ಮುಂದಿನ ಕಿಟಕಿಯಲ್ಲಿ ಸ್ಯಾಂಪಲ್ ತಗೊಳ್ಳೋ ಕೆಲಸ ಖಾಲಿ ಇದೆ ರೀ. ಕೂತು ಮಾಡೋದು. ಯೋಚನೆ ಮಾಡಿ" ಎಂದರು.

"ಸ್ವಲ್ಪ ದಿನ ಮೇಡಂ. ಏಳ್ತವಂತೆ" ಎಂದಳು ಅಕ್ಕ.

ದೊಡ್ಡ ಮೇಡಂ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಕನ್ನಡಕ ಒರೆಸತೊಡಗಿದರು. ಅಕ್ಕ ಅದನ್ನು ಗಮನಿಸಿದಳು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆ ದಿನಗಳಲ್ಲಿ ಅವಳ ಮನಸ್ಸಿಗೆ ಯಾವುದೂ ಹತ್ತುತ್ತಿರಲಿಲ್ಲ. ಜೋಮು ಬೆರಳಿನಿಂದ ಒಳಗೆ ಹೋಗಿ ಕೂತಂತಿತ್ತು.

ಆ ಸಮಯಕ್ಕೇ ಲ್ಯಾಬಿಗೆ ಸಂಶೋಧನೆ ಮಾಡಲು ಒಬ್ಬಳು ಹುಡುಗಿ ಬಂದಳು. ಆಳು ಗಿಡ್ಡ, ಮಾತು ಉದ್ದ. ಮೊದಲ ದಿನವೇ ಎಲ್ಲರೂ ಅವಳನ್ನು ಪುಟ್ಟ ಡಾಕ್ಟರು ಎಂದರು. ಕಾಳುಗಳಲ್ಲಿ ಹುಟ್ಟುವ ಗಡ್ಡೆಗಳ ಮೇಲೆ ಅವಳ ಕೆಲಸ. ಮೇಣದ ಇಟ್ಟಿಗೆಗಳಿಂದ ಅಕ್ಕ ಸ್ವಲ್ಪ ದಪ್ಪನೆಯ ಸುರುಳಿಗಳನ್ನು ಕೊಯ್ದು ಪುಟ್ಟ ಕೊಳವೆಗಳಲ್ಲಿ ಹಾಕಿಕೊಡಬೇಕು, ಅದರಿಂದ ಪುಟ್ಟ ಡಾಕ್ಟರು ಡಿಎನ್ಎ ತೆಗೆಯುತ್ತಾಳೆ. ಸುರುಳಿಗೆ ರಿಬ್ಬನ್ನಿನ ನಾಜೂಕು ಬೇಡ, ಅದಕ್ಕೇ ದೊಡ್ಡ ಮೇಡಂ ಈ ಕೆಲಸವನ್ನು ಅಕ್ಕನಿಗೆ ಹಚ್ಚಿದ್ದು. ಅಕ್ಕನಿಗೂ ಅದು ಗೊತ್ತಿತ್ತು.

"ಜೀನ್ ಹಾಳಾಗಿರೋದರಿಂದ ಗಡ್ಡೆ ಬರುತ್ತಾ?" ಎಂದು ಕೇಳಿದಳು ಅಕ್ಕ, ಅಲಗು ಬದಲಿಸುತ್ತಾ. ಒಂದು ಇಟ್ಟಿಗೆಗೆ ಬಳಸಿದ ಅಲಗನ್ನು ಇನ್ನೊಂದಕ್ಕೆ ಹಾಕುವಂತಿಲ್ಲ, ಒಬ್ಬರ ಡಿಎನ್ಎ ಇನ್ನೊಬ್ಬರದಕ್ಕೆ ಬೆರೆತುಬಿಡುತ್ತದೆ.

"ಕೆಲವರಿಗೆ ಹಾಗೆ. ಆದ್ರೆ ನಾನು ನೋಡ್ತಿರೋದು ಬೇರೆ, ಅಕ್ಕ. ಜೀನ್ ಚೆನ್ನಾಗೇ ಇರುತ್ತೆ. ಒಂದಕ್ಷರ ಅಳಿಸಿರಲ್ಲ. ಆದ್ರೆ ಅದರ ಬಾಗಿಲಿಗೆ ಮೀಥೈಲ್ ಅನ್ನೋ ಸಣ್ಣ ಸಣ್ಣ ಬೀಗ ಬಿದ್ದಿರುತ್ತೆ. ಗಡ್ಡೆ ಬೆಳೀದೇ ಇರೋ ಹಾಗೆ ತಡೀಬೇಕಾದ ಜೀನ್ ಒಳಗೇ ಕೂತಿರುತ್ತೆ, ಹೊರಗೆ ಬಂದು ಕೆಲಸ ಮಾಡೋಕಾಗಲ್ಲ. ಬೀಗ ಬಿದ್ದಿರೋದು ಗೊತ್ತಿಲ್ಲದೆ ನಾವು ಜೀನ್ ನೋಡಿ, ಎಲ್ಲ ಸರಿಯಾಗಿದೆಯಲ್ಲ ಅಂತ ತಲೆ ಕೆರ್ಕೊಳ್ತೀವಿ."

"ಅಂದ್ರೆ ಸತ್ತಿಲ್ಲ. ಮಲಗಿದೆ."

"ಹಾಂ, ಹಾಗೇ ಅಂದ್ಕೊಳ್ಳಿ."

"ಎಬ್ಬಿಸೋಕಾಗುತ್ತಾ?"

"ಬೇರೆ ಕೆಲವು ಕಾಯಿಲೆಗಳಲ್ಲಿ ಬೀಗ ತೆಗೆಯೋ ಔಷಧಿ ಕೊಡ್ತಾರೆ. ಇದಕ್ಕಿನ್ನೂ ಇಲ್ಲ. ಯಾಕಾಗಬಾರದು, ಮುಂದೆ ಯಾವಾಗಾದ್ರೂ ಆಗಬಹುದು."

ಅಕ್ಕನಿಗೆ ಗಡ್ಡೆಯ ಚಿಂತೆ ಇರಲಿಲ್ಲ. ಮಲಗಿದ್ದನ್ನು ಎಬ್ಬಿಸಬಹುದು ಎನ್ನುವ ಮಾತೊಂದೇ ಅವಳಿಗೆ ಬೇಕಿದ್ದದ್ದು. ಅದು ಬೇರೆ, ಇದು ಬೇರೆ ಎಂದು ಅವಳಿಗೆ ತಿಳಿಯದೆ ಏನಿಲ್ಲ. ಆದರೂ ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕತ್ತಿನ ಗಾಯದ ಗೆರೆಯ ಮೇಲೆ ಬೆರಳಿಟ್ಟುಕೊಂಡು, "ಏಳ್ರಪ್ಪಾ ಸಾಕು" ಎಂದು ಮೆಲ್ಲಗೆ ಗೊಣಗಿದಳು. ಪಕ್ಕದ ಹೆಂಗಸು ತನಗೇ ಹೇಳಿದ್ದೆಂದು ಎದ್ದು ಬೇರೆ ಕಡೆ ಹೋಗಿ ಕೂತಳು.

ಗಡ್ಡೆಗಳ ಇಟ್ಟಿಗೆಗಳೆಲ್ಲ ಮುಗಿದವು. ಇನ್ನು ಗಡ್ಡೆ ಇಲ್ಲದ, ಸರಿಯಾದ ಕಾಳುಗಳು ಬೇಕಾಗಿದ್ದವು. ಯಾವ ಬೀಗ ರೋಗದ್ದು, ಯಾವುದು ಎಲ್ಲರಲ್ಲೂ ಇರುವಂಥದ್ದು ಎಂದು ತಿಳಿಯಬೇಕಾದರೆ ಪಕ್ಕದಲ್ಲಿಟ್ಟು ಹೋಲಿಸಲು ಒಳ್ಳೆಯದೊಂದು ಇರಲೇಬೇಕು.

"ಅದೇ ಕಷ್ಟ. ಚೆನ್ನಾಗಿರೋ ಕಾಳನ್ನ ಯಾವ ಸರ್ಜನ್ ತಾನೇ ಬೇಕೂಂತ ತೆಗೀತಾರೆ?" ಎಂದಳು ಪುಟ್ಟ ಡಾಕ್ಟರು ತಟ್ಟೆಯೊಂದನ್ನು ಮೇಜಿನ ಮೇಲಿಡುತ್ತಾ. "ಥೈರಾಯ್ಡ್ ತೆಗೆಯೋವಾಗ ಗೊತ್ತಾಗದೆ ಅಂಟ್ಕೊಂಡು ಬಂದಿರ್ತವಲ್ಲ, ಅವೇ ನಮಗೆ ಗತಿ. ಹಳೇ ಕಪಾಟೆಲ್ಲ ಜಾಲಾಡಿ ಇಷ್ಟು ಸಿಕ್ಕಿವೆ. ತಪ್ಪಿ ಬಂದವು! ಅವರ ತಪ್ಪು, ನಮಗೆ ನಿಧಿ."

ತಟ್ಟೆಯಲ್ಲಿ ಬಿಳಿ ಡಬ್ಬಿಗಳ ನಡುವೆ ಒಂದು ಹಳದಿ ಡಬ್ಬಿ ಇತ್ತು.

ಡಬ್ಬಿಗಳೆಲ್ಲ ಬಿಳಿಯವೇ. ಆದರೆ ಆಸ್ಪತ್ರೆಯಲ್ಲೇ ಕೆಲಸ ಮಾಡುವವರ ಮೈಯಿಂದ ತೆಗೆದದ್ದು ಕೆಳಗೆ ಬಂದಾಗ ಮಾತ್ರ ಈ ಲ್ಯಾಬಿನಲ್ಲಿ ಹಳದಿ ಡಬ್ಬಿಗೆ ಹಾಕುತ್ತಾರೆ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಇಟ್ಟಿಗೆ ಮಾಡುವ ಹಿರಿಯ ಕೆಲಸಗಾರ, ಎಲ್ಲರ ಬಾಯಲ್ಲೂ ಮೇಣದಣ್ಣ, ಎಂದೋ ಶುರುಮಾಡಿದ್ದು. ಹಳದಿ ಕಂಡರೆ ಕೊಯ್ಯುವವರು ಅದರ ಮೇಲೆ ತಮಾಷೆ ಆಡಬಾರದು, ಯಾರದೆಂದು ಕೇಳಬಾರದು, ಊಟದ ಹೊತ್ತಿನಲ್ಲಿ ಅದರ ಸುದ್ದಿ ಎತ್ತಬಾರದು. ಹೊಸಬಳಾದ ಪುಟ್ಟ ಡಾಕ್ಟರಿಗೆ ಇದು ತಿಳಿಯುವ ದಾರಿ ಇರಲಿಲ್ಲ. ಅವಳ ಕಣ್ಣಿಗೆ ಅದೊಂದು ಬಣ್ಣ ಅಷ್ಟೆ.

ಅಕ್ಕ ಆ ಡಬ್ಬಿ ಎತ್ತಿಕೊಂಡಳು. ಮೇಣದೊಳಗೆ ಕಂದು ಬಣ್ಣದ ನಾಲ್ಕು ಚೂರುಗಳು, ಒಂದೊಂದೂ ಬೇಳೆಯಷ್ಟು. ನಾಲ್ಕಕ್ಕೆ ನಾಲ್ಕೂ. ಆಸ್ಪತ್ರೆಯ ಕೆಲಸಗಾರರಲ್ಲಿ ಥೈರಾಯ್ಡ್ ತೆಗೆಸಿಕೊಂಡವರು ಯಾರು ಯಾರು ಎಂದು ಅವಳು ಯೋಚಿಸಲು ಹೊರಟಳು. ಯೋಚಿಸುವಷ್ಟು ಜನ ಇರಲಿಲ್ಲ.

ಡಬ್ಬಿ ಹಿಡಿದುಕೊಂಡೇ ಪಕ್ಕದ ಕೋಣೆಗೆ ಹೋದಳು. ಮೇಣದಣ್ಣ ಕರಗಿದ ಮೇಣದ ಪಾತ್ರೆಯ ಮುಂದೆ ಕೂತಿದ್ದ.

"ಅಣ್ಣ, ಇದು ಯಾರದು?"

"ಹಳದಿದನ್ನ ಕೇಳಬಾರದು ಅಂತ ನಿಂಗೆ ಗೊತ್ತಲ್ಲಮ್ಮ" ಎಂದ ಅವನು, ತಲೆ ಎತ್ತದೆ.

"ನನ್ನದೇ ಆದ್ರೂ?"

ಮೇಣದಣ್ಣ ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟ. ಅಷ್ಟು ವರ್ಷದಲ್ಲಿ ಬಿಸಿ ಮೇಣ ಆರಲು ಬಿಟ್ಟು ಅವನು ಕೈ ಕಟ್ಟಿ ಕೂತದ್ದನ್ನು ಅಕ್ಕ ನೋಡಿರಲಿಲ್ಲ.

"ದೊಡ್ಡ ಮೇಡಂಗೆ ಗೊತ್ತಿತ್ತು. ನಂಗೆ ಗೊತ್ತಿತ್ತು. ರಿಪೋರ್ಟ್ ನೋಡಿ ನಿನ್ ತಮ್ಮ ಇಲ್ಲೀವರೆಗೂ ಇಳಿದು ಬಂದು ಕೈ ಮುಗಿದ. ನಾನೇ ಹೇಳ್ತೀನಿ, ಸಮಯ ನೋಡಿ ಹೇಳ್ತೀನಿ, ನೀವ್ಯಾರೂ ಹೇಳಬೇಡಿ ಅಂದ. ಅಷ್ಟು ದೊಡ್ಡ ಡಾಕ್ಟ್ರು ಕೈ ಮುಗಿದ್ರೆ ನಾವೇನು ಮಾಡೋದು? ಬಾಯಿಗೆ ಬೀಗ ಹಾಕ್ಕೊಂಡ್ವಿ."

"ಆ ಸಮಯ ಬರಲೇ ಇಲ್ಲ ಅನ್ನಿ."

"ಬಂದಿರುತ್ತೆ ಅಂತ ಪ್ರತಿ ಸೋಮವಾರ ನಿನ್ ಮುಖ ನೋಡ್ತಿದ್ದೆ."

ಅಕ್ಕ ಅಳು ಬರುತ್ತದೆಂದು ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಸಿಟ್ಟಾದರೂ ಬರಲಿ ಎಂದುಕೊಂಡಳು, ಅದರ ಸುಳಿವೂ ಇರಲಿಲ್ಲ. ಎದೆಯ ಮೇಲೆ ಯಾರೋ ಕಿವಿಯ ಮುಂದೆ ತಟ್ಟಿದ ಹಾಗೆ ತಟ್ಟುತ್ತಿದ್ದರೂ ಏನೂ ಎಗರುತ್ತಿರಲಿಲ್ಲ.

"ಕೊಡು ಇಲ್ಲಿ. ನಾನು ಕೊಯ್ಕೊಡ್ತೀನಿ" ಎಂದು ಮೇಣದಣ್ಣ ಕೈ ಚಾಚಿದ.

"ಬೇಡಣ್ಣ. ನನ್ನ ಕೆಲಸ."

ಮಂಜುಗಡ್ಡೆಯ ಮೇಲೆ ಇಟ್ಟಿಗೆಯನ್ನು ತಣ್ಣಗೆ ಮಾಡಿ, ಹೊಸ ಅಲಗು ಹಾಕಿ, ಯಂತ್ರಕ್ಕೆ ಸಿಕ್ಕಿಸಿದಳು. ಅಭ್ಯಾಸಬಲದಿಂದ ಕಿರುಬೆರಳು ಮೇಣದ ಮೇಲೆ ಆಡಿತು. ತನ್ನದೇ ಕಾಳುಗಳು, ತನ್ನದೇ ಬೆರಳು, ನಡುವೆ ಗುರುತಿನ ಸುಳಿವೇ ಇಲ್ಲ. ಸುರುಳಿಗಳನ್ನು ಕೊಳವೆಗೆ ಹಾಕಿಯಾದ ಮೇಲೆ ನೋಡಿ ಖಾತ್ರಿ ಮಾಡಿಕೊಳ್ಳಲು ತೆಳ್ಳನೆಯ ಪದರವೂ ಒಂದು ಬೇಕಿತ್ತು. ರಿಬ್ಬನ್ ಎರಡು ಸಲ ಹರಿಯಿತು. ಮೂರನೆಯ ಸಲ ಒಂದಿಷ್ಟು ಉಳಿದು ಬಂತು, ಅದೂ ಸುಕ್ಕುಸುಕ್ಕಾಗಿ. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕೊಬ್ಬಿನ ಬಿಳಿ ಗುಳ್ಳೆಗಳ ನಡುವೆ ಗುಂಪು ಗುಂಪಾಗಿ ನೀಲಿ ಚುಕ್ಕಿಗಳು. ಯಾವ ಕಾಯಿಲೆಯೂ ಇಲ್ಲದ ಕಾಳು ಹೀಗೇ ಇರುತ್ತದೆ ಎಂದು ಹೊಸಬರಿಗೆ ತೋರಿಸಲು ಇಟ್ಟುಕೊಳ್ಳಬಹುದಾದಷ್ಟು ಚೆನ್ನಾಗಿತ್ತು.

ಕೆಲವು ವಾರ ಕಳೆದ ಮೇಲೆ ಪುಟ್ಟ ಡಾಕ್ಟರು ಕುಣಿಯುತ್ತಾ ಬಂದಳು. "ಅಕ್ಕಾ, ಆ ಹಳದಿ ಡಬ್ಬಿದು ಎಷ್ಟು ಚೆಂದ ಬಂದಿದೆ ಗೊತ್ತಾ? ಗಡ್ಡೆಗಳಲ್ಲಿ ಬೀಗ ಬಿದ್ದಿದ್ದ ಕಡೆ ಇದರಲ್ಲಿ ಒಂದೂ ಇಲ್ಲ. ಎಲ್ಲ ಬಾಗಿಲೂ ತೆರೆದಿವೆ. ಬೇರೆಯವೆಲ್ಲ ಹಳೇವಾಗಿ ಡಿಎನ್ಎ ಪುಡಿಪುಡಿಯಾಗಿತ್ತು. ಇನ್ನು ಇದೇ ನಮ್ಮ ಅಳತೆಗೋಲು, ಎಲ್ಲ ಗಡ್ಡೆಗಳನ್ನೂ ಇದರ ಪಕ್ಕ ಇಟ್ಟೇ ಅಳೆಯೋದು. ಯಾರದೋ ಪಾಪ, ಸಿಕ್ಕಿದ್ರೆ ಒಂದು ಥ್ಯಾಂಕ್ಸ್ ಹೇಳಬೇಕು."

"ಹೇಳಿದ ಹಾಗೇ ಆಯ್ತು ಬಿಡಿ" ಎಂದಳು ಅಕ್ಕ.

ಈ ನಡುವಿನ ಭಾನುವಾರಗಳಲ್ಲಿ ತಮ್ಮ ಎಂದಿನಂತೆ ಬರುತ್ತಿದ್ದ. ತಟ್ಟುತ್ತಿದ್ದ, ಕಡಿಮೆ ಆಗಿದೆ ಅನ್ನುತ್ತಿದ್ದ. ಅಕ್ಕ ಹೌದೇನೋ ಅನ್ನುತ್ತಿದ್ದಳು. ಅವನು ತಾನಾಗಿ ಹೇಳಲಿ ಎಂದು ಬಿಟ್ಟಿದ್ದಳೋ, ಅವನು ಎಷ್ಟು ದಿನ ಎಳೆಯುತ್ತಾನೆ ನೋಡೋಣ ಎಂದಿದ್ದಳೋ ಅವಳಿಗೇ ತಿಳಿಯದು. ಅವನು ಸುಳ್ಳು ಹೇಳುವಾಗ ಮುಖ ನೋಡಿದರೆ ಸುಳ್ಳು ಹೇಳುವವನ ಹಾಗೆ ಇರಲಿಲ್ಲ. ಬೇಡಿಕೊಳ್ಳುವವನ ಹಾಗಿತ್ತು. ತುಟಿಯನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದದ್ದು ಇವತ್ತಾದರೂ ಎಗರದಿರಲಿ ಎಂದು.

ಒಂದು ಭಾನುವಾರ ತಿಂಡಿ ತಿನ್ನುತ್ತಿರುವಾಗ ಅಕ್ಕ, "ಕಿಟಕಿ ಕೆಲಸಕ್ಕೆ ಹೂಂ ಅಂದೆ ಕಣೋ. ಒಂದನೇ ತಾರೀಕಿಂದ" ಎಂದಳು.

ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಯಾಕೆ? ಯಾಕ್ ಬಿಡ್ತೀಯ? ನಿನ್ನ ಹಾಗೆ ಕೊಯ್ಯೋರು ಅಲ್ಲಿ ಇನ್ಯಾರಿದಾರೆ? ಇನ್ನೊಂದು ಸ್ವಲ್ಪ ದಿನ ತಡ್ಕೋ ಅಕ್ಕ. ಇವತ್ತು ನೋಡಿದೆನಲ್ಲ, ಎಷ್ಟೋ ಕಡಿಮೆ ಆಗಿದೆ. ಏಳ್ತವೆ."

"ಯಾವುದು ಏಳೋದು? ನಾನೇ ಕೊಯ್ದೆನಲ್ಲೋ."

ಗಂಡ ತಟ್ಟೆ ಎತ್ತಿಕೊಂಡು, ವ್ಯಾನ್ ತೊಳೆಯಬೇಕು ಎಂದು ಯಾರೂ ಕೇಳದಿದ್ದರೂ ಹೇಳಿ, ಹೊರಗೆ ಹೋದ.

ತಮ್ಮ ಏನನ್ನು ಕೊಯ್ದೆ ಎಂದು ಕೇಳಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಅವಳು ಕೇಳದೆಯೇ ಹೇಳತೊಡಗಿದ.

"ಗಡ್ಡೆ ಬೆಳೆದು ಕಾಳುಗಳನ್ನ ಬೆನ್ನಿಗೆ ಅಂಟಿಸ್ಕೊಂಡಿತ್ತು. ಹಾಗಾಗುತ್ತೆ ಕೆಲವರಿಗೆ. ಅದಕ್ಕೇ ಥೈರಾಯ್ಡ್ ತೆಗೆದ ಮೇಲೆ ನಾನು ಯಾವತ್ತೂ ಅದನ್ನ ಟ್ರೇನಲ್ಲಿ ಹಿಂದೆ ಮುಂದೆ ತಿರುವಿ, ಬೆರಳಾಡಿಸಿ ಹುಡುಕ್ತೀನಿ. ಕಾಳು ಸಿಕ್ಕಿದ್ರೆ ಅಲ್ಲೇ ಸಣ್ಣಗೆ ಹೆಚ್ಚಿ ಕತ್ತಿನ ಸ್ನಾಯುವಿನೊಳಗೆ ನಾಟಿ ಮಾಡ್ತೀನಿ. ಬೇರು ಬಿಡುತ್ತೆ. ಎಷ್ಟೋ ಜನಕ್ಕೆ ಮಾಡಿದೀನಿ, ಎಲ್ಲ ಚೆನ್ನಾಗಿದಾರೆ."

"ನನಗೆ?"

"ಬಟ್ಟೆ ಮುಚ್ಚಿರ್ತಾರೆ. ಕತ್ತಿನ ಅಷ್ಟಗಲ ಚರ್ಮ ಬಿಟ್ರೆ ಇನ್ನೇನೂ ಕಾಣಲ್ಲ. ಹಂಗಾಗಿ ಕೊಯ್ಯೋವರೆಗೂ ನಂಗೇನೂ ಆಗಲಿಲ್ಲ. ಯಾರದೋ ಕತ್ತು ಅಂದ್ಕೊಂಡು ಮಾಡಿದೆ. ತೆಗೆದು ಟ್ರೇನಲ್ಲಿ ಇಟ್ರು. ಅವಾಗ, ಇದು ನಮ್ಮ ಅಕ್ಕನ ಮೈ ಅಂತ ಅನ್ನಿಸಿಬಿಡ್ತು. ಅದರಲ್ಲಿ ಕೈಯಾಡಿಸೋಕೆ ಆಗಲಿಲ್ಲ ಕಣೇ. ನೋಡೋಕೂ ಆಗಲಿಲ್ಲ. ಕಳಿಸಿ ಕೆಳಗೆ ಅಂದುಬಿಟ್ಟೆ. ಫಾರ್ಮಲಿನ್‌ಗೆ ಬಿದ್ದ ಮೇಲೆ ಯಾವ ದೇವರೂ ಎಬ್ಬಿಸಲಾರ."

"ಕೊಯ್ಯೋಕಾಯ್ತು, ನೋಡೋಕಾಗಲಿಲ್ಲ" ಎಂದಳು ಅಕ್ಕ.

"ಹೂಂ."

"ಆಮೇಲೆ ಸುಳ್ಳು ಹೇಳೋಕಾಯ್ತು."

"ಮೊದಲನೇ ವಾರ ಹೇಳ್ತೀನಿ ಅಂತಲೇ ಬಂದೆ. ನೀನು ತಿಂಡಿ ಇಟ್ಟೆ."

ಈಗ ಸಿಟ್ಟು ಬಂತು. ಎಲ್ಲಿಂದಲೋ ಸುತ್ತಿ ಬಳಸಿ, ತಡವಾಗಿ, ಆದರೆ ಬಂತು. ಅವನನ್ನು ಹೊಡೆಯಬೇಕೆನ್ನಿಸಿತು. ಗಾಬರಿಬಿದ್ದು ಮಲಗಿದ್ದು ಕಾಳುಗಳಲ್ಲ, ಈ ಪುಣ್ಯಾತ್ಮ. ಅವನು ತನಗಾಗಿ ಅಷ್ಟು ಹೆದರಿದ್ದರಿಂದಲೇ ತನ್ನ ಬೆರಳು ಹೋಯಿತು, ಅವನ ಜಾಗದಲ್ಲಿ ತನ್ನ ಮುಖವನ್ನೇ ಕಾಣದ ಯಾರೋ ಇದ್ದಿದ್ದರೆ ಉಳಿಯುತ್ತಿತ್ತು, ಆ ಯಾರೋ ಬೇಡವೆಂದು ಹಟ ಹಿಡಿದವಳು ತಾನೇ. ಇದನ್ನು ಎತ್ತ ಕಡೆಯಿಂದ ಹಿಡಿದು ಯಾರ ಮೇಲೆ ಎಸೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಸಿಟ್ಟು ಸ್ವಲ್ಪ ಹೊತ್ತು ನಿಂತು, ಕೂರಲು ಜಾಗ ಕಾಣದೆ ಹೊರಟುಹೋಯಿತು. ಮತ್ತೆ ಜೋಮು.

"ನಾಳೆ ಕೆಳಗೆ ಬಾ" ಎಂದಳು.

ಸೋಮವಾರ ಊಟದ ಹೊತ್ತಿಗೆ ತಮ್ಮ ಬಂದ. ಕೆಳಗಿನವರು ಎದ್ದು ನಿಂತರು. ಮೇಣದಣ್ಣ ಅವನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಎಲ್ಲರನ್ನೂ ಊಟಕ್ಕೆ ಹೊರಡಿಸಿಕೊಂಡು ಹೋದ. ಪುಟ್ಟ ಡಾಕ್ಟರಿಗೆ ಇನ್ನೂ ಕೆಲಸವಿತ್ತು, "ಬನ್ನಿ ಅಂದ್ರೆ ಬನ್ನಿ" ಎಂದು ಅವಳನ್ನೂ ಕರೆದೊಯ್ದ.

ಅಕ್ಕ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಎಳೆದಳು. "ಕೂತ್ಕೋ. ನೋಡು."

"ಬೇಡ ಅಕ್ಕ."

"ಅವತ್ತು ನೋಡಲಿಲ್ಲವಲ್ಲ. ಇವತ್ತು ನೋಡು."

ಅವನು ಕೂತ. ಕಣ್ಣು ಗಾಜಿಗೆ ಹಚ್ಚುವ ಮುನ್ನ ಕನ್ನಡಕ ತೆಗೆದ, ಒರೆಸಿದ, ಮತ್ತೆ ಒರೆಸಿದ. ಅಕ್ಕ ಪಕ್ಕದಲ್ಲಿ ನಿಂತಿದ್ದಳು, ಅವಸರ ಮಾಡಲಿಲ್ಲ. ಕೊನೆಗೆ ಅವನು ಬಾಗಿದ. ಪಟ್ಟಿಯನ್ನು ಮೆಲ್ಲಗೆ ಸರಿಸಿ ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ. ಒಂದನ್ನೂ ಬಿಡದೆ ನಾಲ್ಕನ್ನೂ, ಟ್ರೇನಲ್ಲಿ ಹುಡುಕಬೇಕಾಗಿದ್ದಂತೆ, ನಿಧಾನವಾಗಿ ನೋಡಿದ. ನೋಡಿಯಾದ ಮೇಲೂ ಕಣ್ಣು ಎತ್ತಲಿಲ್ಲ.

"ಅಕ್ಕ, ಇವು ಎಲ್ಲ ಚೆನ್ನಾಗಿದ್ವಲ್ಲೇ" ಎಂದ.

"ಹೌದು ಕಣೋ. ಚೆನ್ನಾಗಿದ್ವು."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಕೂದಲು ಬೆರಳ ತುದಿಗಳಿಗೆ ಗೊತ್ತಾಗಲಿಲ್ಲ. ಮೆತ್ತಗಿದೆಯೋ ಒರಟಾಗಿದೆಯೋ ಕಣ್ಣಿಂದಲೇ ನೋಡಬೇಕಾಯಿತು. ಅಂಗೈಗೆ ಮಾತ್ರ ಗೊತ್ತಾಯಿತು, ಅವನ ತಲೆ ನಡುಗುತ್ತಿತ್ತು.